ಸೊಸೆಯ ಮೇಲೆ ಕಟ್ಟಿದ ಹರಕೆಯ ಕಾಯಿ

ಉಳವಿಯಪ್ಪನ ಭಕ್ತರಿಗೆ ಹಳಿಯಾಳದ ಮುದುಕಿಯೊಬ್ಬಳ ಶರಣು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಸೊಸೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾಳೆ.

2006ರ ಬೇಸಿಗೆಯಲ್ಲಿ ನನ್ನ ಮಗನಿಗೆ ಹತ್ತಿದ ಜ್ವರ, ಭೇದಿ ಬಿಡಲೇ ಇಲ್ಲ. ಲಾರಿ ಓಡಿಸುವ ಗಟ್ಟಿ ಆಳು ಹಾಸಿಗೆ ಹಿಡಿದ. ಹುಬ್ಬಳ್ಳಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದು, "ಅವ್ವಾ, ನನಗ ಎಚ್‌ಐವಿ ಐತಿ. ನನ್ನ ಹೇಂತಿಗೆ ನಾನ ಹೇಳತೇನಿ, ನೀ ಸುಮ್ನಿರು" ಎಂದ.

ನಾನು ಸುಮ್ಮನಿರುವವಳೇ? ಹೆತ್ತವರಿಗೆ ಹೆಗ್ಗಣ ಮುದ್ದು. ಸೊಸೆ ಮದುವೆಗೆ ಮೊದಲು ಗೋವಾದಲ್ಲಿ ಮನೆಗೆಲಸಕ್ಕಿದ್ದಳು. ರೋಗ ಅವಳೇ ತಂದದ್ದು ಎಂದು ನಾನೇ ತೀರ್ಮಾನಿಸಿದೆ. ದೇವರ ಜಗಲಿಯ ಮೇಲಿನ ಗೂಟಕ್ಕೆ ಕಾಯಿ ಕಟ್ಟಿ ಹರಕೆ ಹೊತ್ತೆ: "ಅಪ್ಪಾ, ಆಕೀ ರಕ್ತದಾಗ ಸಿಗಲಿ. ನನ್ನ ಮಗನ ಮ್ಯಾಲೆ ತಪ್ಪು ಬರೂದು ಬ್ಯಾಡ." ಹೌದು, ಇದನ್ನೇ ಬೇಡಿದೆ.

ಹಳಿಯಾಳದಲ್ಲಾದರೆ ಪರಿಚಯದವರು ನೋಡುತ್ತಾರೆಂದು ದಾಂಡೇಲಿಯ ಬಸ್ಸು ಹತ್ತಿಸಿದೆ. "ನಿನಗ ರಕ್ತ ಕಡಿಮಿ ಆಗೇತಿ, ತೋರಿಸ್ಕೊಂಡು ಬರೂಣು" ಎಂದು ಸುಳ್ಳು ಹೇಳಿದ್ದೆ. ಆಸ್ಪತ್ರೆಯಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಆಪ್ತಸಮಾಲೋಚಕಿಯ ಕಿವಿಯಲ್ಲಿ ನಿಜ ಉಸುರಿದೆ.

ಆಕೆ ದನಿ ಏರಿಸಲಿಲ್ಲ. "ಅವ್ವಾರ, ಯಾವ ತಪಾಸಣಿ ಅಂತ ಅವರಿಗೆ ಮೊದಲ ಹೇಳತೇನಿ. ಅವರು ಒಪ್ಪಲಿಲ್ಲಂದ್ರ ಸೂಜಿ ಚುಚ್ಚೂದಿಲ್ಲ. ನೀವು ಹೊರಗ ಕುಂದರ್ರಿ" ಎಂದರು.

ಸೊಸೆ ಒಳಗೆ ಹೋದಳು, ಬಾಗಿಲು ಮುಚ್ಚಿತು. ಅರ್ಧ ತಾಸು ಮಾತಾಡಿದರು, ಆಮೇಲೆ ರಕ್ತ ತೆಗೆದರು. ಮಧ್ಯಾಹ್ನ ಫಲಿತಾಂಶಕ್ಕೆ ಅವಳನ್ನು ಕರೆದಾಗ ನಾನೂ ಎದ್ದು ಹೋಗಿ ಚೀಟಿಗೆ ಕೈಚಾಚಿದೆ. "ಇದು ಅವರ ಕೈಗೆ. ನಿಮಗ ಹೇಳೂದು ಬಿಡೂದು ಅವರ ಇಚ್ಛಾ" ಎಂದು ನನ್ನನ್ನು ಮತ್ತೆ ಹೊರಗೆ ಕಳಿಸಿದರು. ಅವಮಾನದಿಂದ ಮೈಯೆಲ್ಲ ಉರಿಯಿತು.

ಸೊಸೆ ಹೊರಗೆ ಬಂದು ಪಕ್ಕದಲ್ಲಿ ಕೂತಳು. "ನನಗ ಇಲ್ಲಂತ್ರಿ ಅತ್ತಿ. ಮೂರು ತಿಂಗಳ ಬಿಟ್ಟು ಇನ್ನೊಮ್ಮೆ ನೋಡ್ತಾರಂತ." ಆಮೇಲೆ, "ನಿಮ್ಮ ಮಗ ಹ್ವಾದ ವಾರನ ನನಗ ಎಲ್ಲಾ ಹೇಳಿದ್ರು. ನೀವೂ ಹೇಳ್ತೀರೇನೋ ಅಂತ ಬಸ್ಸಿನ್ಯಾಗ ಕಾದೆ" ಎಂದಳು.



ಮೂರು ತಿಂಗಳ ನಂತರವೂ ಅವಳಿಗೆ ಏನೂ ಇರಲಿಲ್ಲ. ಮಗನಿಗೆ ಹುಬ್ಬಳ್ಳಿಯ ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟವಳು ಅವಳೇ. ವರ್ಷದೊಳಗೆ ಅವನು ಮತ್ತೆ ಲಾರಿ ಹತ್ತಿದ.

ಒಂದು ದಿನ ಜಗಲಿ ಒರೆಸುತ್ತ, "ಅತ್ತಿ, ಈ ಕಾಯಿ ಯಾವ ಹರಕೀದು?" ಎಂದು ಕೇಳಿದಳು. ದೇವರ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ, ಹೇಳಿಬಿಟ್ಟೆ. ಎರಡು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ, "ಉಳವಿಗೆ ಹೋಗೂಣು. ನಿಮ್ಮ ಕೈಲೇನ ಒಡೀರಿ" ಎಂದಳು.

ಜೋಯಿಡಾ ಮಾರ್ಗವಾಗಿ ಉಳವಿಗೆ ಹೋಗುವ ಬಸ್ಸಿನಲ್ಲಿ ಕಾಯಿ ನನ್ನ ಮಡಿಲಲ್ಲೇ ಇತ್ತು. ಅಂಥ ಹರಕೆಯ ಕಾಯಿ ಕೆಟ್ಟೇ ಇರುತ್ತದೆ ಎಂದುಕೊಂಡು ಅಪ್ಪನ ಮುಂದೆ ಒಡೆದೆ. ಒಳಗೆ ಬೆಳ್ಳಗಿನ ಕೊಬ್ಬರಿ. ಸೊಸೆ ಮೊದಲ ಚೂರು ಮುರಿದು ನನ್ನ ಕೈಗಿಟ್ಟಳು.

ಬೇಡಿದ್ದನ್ನು ಕೊಡುವ ದೇವರೆಂದು ಎಲ್ಲರೂ ಕೊಂಡಾಡುತ್ತಾರೆ. ನಾನು ಬೇಡಿದ್ದನ್ನು ಅಪ್ಪ ಕೊಡಲಿಲ್ಲ. ಅದಕ್ಕೇ ದಿನವೂ ಕೈಮುಗಿಯುತ್ತೇನೆ.