ಶಾಲಿನೊಳಗಿನ ಕೈ

ಕೊಲ್ಲಿ ನಾಡಿನ ಅಲ್ ರೀಮ್ ದ್ವೀಪದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಮಂಗಳೂರಿನ ಅಕ್ಕ, ಕಣ್ಣು ಕಾಣದವರಿಗೆ ಕನ್ನಡ ಪುಟಗಳನ್ನು ಓದಿ ಹೇಳುವ ತಂತ್ರಾಂಶವೊಂದನ್ನು ನೋಡಿಕೊಳ್ಳುತ್ತಿದ್ದರು. ಅದು ಎಲ್ಲರಿಗೂ ಉಚಿತ. ಅದರ ಕೋಡನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದಿತ್ತು. ಕಲಿಯುವವರ ಪಕ್ಕ ಕೂತಾಗ ಅಕ್ಕ ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಬಿಡುತ್ತಿದ್ದರು. "ನಾನು ಮುಟ್ಟುದಿಲ್ಲ, ನೀವೇ ಮಾಡಿ."

ಒಮ್ಮೆ ಅಲ್ಲಿನದೇ ಮದೀನತ್ ಜಾಯೆದ್ ಎಂಬಲ್ಲಿಂದ, ದೃಷ್ಟಿ ಕಳೆದುಕೊಂಡಿದ್ದ ಎಂಜಿನಿಯರೊಬ್ಬರು ಅಕ್ಕ ಸ್ಪೀಕರಿಗೆ ಹಾಕಿಟ್ಟ ಫೋನಿನಲ್ಲಿ ರೇಗಿದರು: "ಎಂಥದ್ದು ಇದು? ವಾಕ್ಯದ ನಡುವೆ ಪುಟದ ನಂಬರ್ ಓದ್ತದೆ!"

"ಐದು ನಿಮಿಷದ ಕೆಲಸ, ನಾನು ಮಾಡ್ತೇನೆ," ಎಂದೆ.

ಅಕ್ಕ ನನ್ನ ಲ್ಯಾಪ್‌ಟಾಪ್ ಮುಚ್ಚಿದರು. "ನೀವು ಮಾಡಿದ್ರೆ ದೋಷ ಮಾತ್ರ ಖಲಾಸ್. ಅವರು ಮಾಡಿದ್ರೆ ನಮಗೊಂದು ಜನ ಸಿಗ್ತದೆ." ಆಮೇಲೆ ಫೋನಿಗೆ ಹೇಳಿದರು: "ಕೋಡ್ ಓಪನ್ ಮಾಡಿ ಸರ್. ನಾನು ಲೈನಲ್ಲೇ ಇರ್ತೇನೆ."

ಎಂಜಿನಿಯರು ಬೈದು ಫೋನಿಟ್ಟರು. ಮರುದಿನ ಅವರೇ ಮತ್ತೆ ಕರೆ ಮಾಡಿದರು. ಐದು ನಿಮಿಷದ ಕೆಲಸಕ್ಕೆ ಅವರಿಗೆ ತಿಂಗಳು ಹಿಡಿಯಿತು. ಅಷ್ಟು ದಿನವೂ ಅಕ್ಕನ ಕೈ ಶಾಲಿನೊಳಗೇ ಇತ್ತು.

ವೀಸಾ ಮುಗಿದು ಅಕ್ಕ ಊರಿಗೆ ಹೋದರು. ಈಗ ನಾವು ಕಳಿಸುವ ತಿದ್ದುಪಡಿಗಳನ್ನು ಒಪ್ಪುವವರೂ ವಾಪಸು ಮಾಡುವವರೂ ಆ ಎಂಜಿನಿಯರೇ. ನಿನ್ನೆ ನನ್ನದನ್ನು ವಾಪಸು ಮಾಡಿದರು. ಇವತ್ತು ಮತ್ತೆ ಬರೆಯಲು ಕೂತಿದ್ದೇನೆ.