ನಿನ್ನೆ ಎಂತ ಊಟ?

ಮಲೇಷ್ಯಾದ ಸೈಬರ್‌ಜಯಾದಲ್ಲಿ ಡೇಟಾ ಸೆಂಟರ್ ಒಂದರ ತಾರಸಿಯಲ್ಲಿ ನಾವು ಕೂಲಿಂಗ್ ಯಂತ್ರಗಳನ್ನು ಕೂರಿಸುತ್ತಿದ್ದಾಗ ನಮಗೊಬ್ಬರು ಸೇಫ್ಟಿ ಸೂಪರ್‌ವೈಸರ್ ಇದ್ದರು. ಕರಾವಳಿಯವರು, ಗಲ್ಫ್‌ನ ಮರಳುಗಾಡಿನಲ್ಲಿ ದುಡಿದು ಬಂದವರು. ಮಧ್ಯಾಹ್ನ ಏಣಿಯ ಬುಡದಲ್ಲಿ ನಿಂತು, ಇಳಿದು ಬಂದ ಒಬ್ಬೊಬ್ಬರನ್ನೂ ಕೇಳುತ್ತಿದ್ದರು: "ನಿನ್ನೆ ಎಂತ ಊಟ ಮಾರಾಯ್ರೆ?" ಕೇಳಿದ ಮೇಲೆ ಕಣ್ಣು ಕಿರಿದು ಮಾಡಿ ನಮ್ಮ ಮುಖವನ್ನೇ ನೋಡುತ್ತಿದ್ದರು.

ನನಗೆ ಮೊದಲ ವಾರದಿಂದಲೇ ಅನುಮಾನ. ಯಾರು ಯಾರ ಜೊತೆ ಮಾಮಕ್ ಎಂಬ ಅಲ್ಲಿನ ಊಟದಂಗಡಿಯಲ್ಲಿ ಕೂತು ಉಣ್ಣುತ್ತಾರೆ, ಆಫೀಸಿನ ಬಗ್ಗೆ ಏನು ಆಡಿಕೊಳ್ಳುತ್ತಾರೆ ಎಂದು ಮೇಲಿನವರಿಗೆ ಚಾಡಿ ಹೇಳುವವರು ಇವರೇ ಇರಬೇಕು. ಹಾಗಾಗಿ ದಿನಕ್ಕೊಂದು ಸುಳ್ಳು ಹೇಳುತ್ತಿದ್ದೆ.

"ಮನೇಲೇ ಇದ್ದೆ ಸರ್, ಬಿಸಿಬೇಳೆಬಾತ್."

ಅವರು ತಲೆಯಾಡಿಸಿ ನೀರಿನ ಬಾಟಲಿ ಕೊಡುತ್ತಿದ್ದರು. ಆ ತಲೆಯಾಟವೂ ನನಗೆ ಸರಿಕಾಣುತ್ತಿರಲಿಲ್ಲ.

ಬಿಸಿಲು ವಿಪರೀತವಾಗಿದ್ದ ಒಂದು ದಿನ ಇಳಿದು ಬಂದೆ. ಅದೇ ಪ್ರಶ್ನೆ. ಬೆಳಗ್ಗೆಯೇ ಸಿದ್ಧಮಾಡಿಟ್ಟುಕೊಂಡ ಸುಳ್ಳು ನಾಲಿಗೆಗೆ ಬರಲೇ ಇಲ್ಲ. ನಿನ್ನೆ ಎಂದರೆ ಯಾವುದೆಂದೇ ಹೊಳೆಯಲಿಲ್ಲ. ಅಷ್ಟರಲ್ಲಿ ಅವರು ನನ್ನನ್ನು ನೆರಳಿಗೆ ಎಳೆದು, ಬೂಟು ಕಿತ್ತು, ಮೈಮೇಲೆ ನೀರು ಸುರಿದು, ರಟ್ಟಿನಿಂದ ಗಾಳಿ ಬೀಸುತ್ತಾ ಆಂಬುಲೆನ್ಸ್ ಕರೆಯಿರೆಂದು ಕೂಗುತ್ತಿದ್ದರು.

ಆಸ್ಪತ್ರೆಯಲ್ಲಿ ಅವರ ಮುಖ ನೋಡಲು ನಾಚಿಕೆಯಾಯಿತು. "ಸರ್, ಇಷ್ಟು ದಿನ ನಾನು ಹೇಳಿದ್ದೆಲ್ಲ ಸುಳ್ಳು."

"ಗೊತ್ತುಂಟು," ಎಂದರು. "ನೀವು ಸುಳ್ಳು ಹೇಳ್ತಾ ಇದ್ದಷ್ಟು ದಿನ ಬಿಸಿಲು ತಲೆಗೆ ಏರ್ಲಿಲ್ಲ, ತಲೆ ಸರಿ ಉಂಟು ಅಂತ ನನಗೆ ಧೈರ್ಯ. ಇವತ್ತು ಸುಳ್ಳು ಬರ್ಲಿಲ್ಲ ನೋಡಿ, ಆಗ ಹೆದರಿದ್ದು."