ಕೂಸು ಬಿದ್ದಿತ್ತು ಎಂದ ಅಪ್ಪ

ಅಪ್ಪ ನನ್ನ ತಲೆ ಸವರುತ್ತಿದ್ದದ್ದು ಎಡಗೈಯಿಂದ. ಅವನು ಎಡಚನೇನೂ ಅಲ್ಲ. ರೊಟ್ಟಿ ಮುರಿಯುವುದು, ಸಹಿ ಹಾಕುವುದು, ನನ್ನ ತಮ್ಮನ ಬೆನ್ನಿಗೆ ಒಂದು ಬಿಡುವುದು, ಎಲ್ಲ ಬಲಗೈಯಿಂದಲೇ. ನನ್ನ ಸರದಿ ಬಂದಾಗ ಮಾತ್ರ ಆ ಬಲಗೈ ಮೆಲ್ಲಗೆ ಪ್ಯಾಂಟಿನ ಕಿಸೆಗೆ ಇಳಿದುಬಿಡುತ್ತಿತ್ತು. ಊರಿಂದ ಬಂದ ಅಜ್ಜಿ ಅದನ್ನು ನೋಡಿ ಸಿಡಿಮಿಡಿಗೊಳ್ಳುತ್ತಿದ್ದಳು. "ಎಡಗೈಲೆ ಹೆಣ್ಣುಕೂಸಿನ ತಲಿ ಮುಟ್ತಾರೇನೋ, ಖೋಡಿ" ಎಂದು ಬೈದರೆ ಅಪ್ಪ, "ಬಲಗೈಗೆ ಎಣ್ಣಿ ಹತ್ತೇತಿ ಯವ್ವಾ" ಅನ್ನುತ್ತಿದ್ದ. ಮೈಗೆ ಸೋಪು ಹಚ್ಚಿ ಸ್ನಾನ ಮಾಡಿ ಬಂದು ನಿಂತಾಗಲೂ ಅದೇ ಉತ್ತರ.

ಅಪ್ಪ ಬಾದಾಮಿ ಕಡೆಯ ಹಳ್ಳಿಯವನು. ಮದುವೆಯಾದ ಹೊಸತರಲ್ಲಿ ಪುಣೆಗೆ ಬಂದು, ಚಿಂಚವಾಡದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಷಿನ್ ಮುಂದೆ ನಿಂತವನು ಕೊನೆಯ ತನಕ ಅಲ್ಲೇ ನಿಂತ. ಆ ಮಷಿನ್ನಿನ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು. ಹೀಗಾಗಿ ಹೊರಗೆ ಅವನದು ಮಾತಲ್ಲ, ಕೂಗು. ಕಿರಾಣಿ ಅಂಗಡಿಗೆ ಹೋಗಿ ಬೆಲ್ಲ ಕೇಳಿದರೆ ನಮ್ಮ ಮನೆಯಲ್ಲಿ ಬೆಲ್ಲ ಮುಗಿದದ್ದು ಸಾಲುಮನೆಗಳ ಇಡೀ ಚಾಳಿಗೆ ಗೊತ್ತಾಗುತ್ತಿತ್ತು. ಅಂಥವನು ಮನೆಯ ಹೊಸ್ತಿಲು ದಾಟಿದ ಕೂಡಲೇ ದನಿ ಇಳಿಸುತ್ತಿದ್ದ. ನನ್ನ ಹತ್ತಿರವಂತೂ ಪಿಸುಮಾತೇ. ಅಂಗಿಯ ಕಿಸೆಯಲ್ಲಿ ಯಾವಾಗಲೂ ಪೆಪ್ಪರಮಿಂಟ್ ಇರುತ್ತಿತ್ತು. ನನ್ನ ಮುಖ ಒಂಚೂರು ಬಾಡಿದರೆ ಸಾಕು, ಒಂದು ನನ್ನ ಕೈಗೆ ಬರುತ್ತಿತ್ತು. ಅವ್ವ ಬೈಯಲು ಬಾಯಿ ತೆರೆಯುವ ಮೊದಲೇ, "ಅಕಿಗೇನೂ ಅನಬ್ಯಾಡ" ಅನ್ನುತ್ತಿದ್ದ. ತಮ್ಮನಿಗೆ ಇದನ್ನೆಲ್ಲ ನೋಡಿ ಹೊಟ್ಟೆಕಿಚ್ಚು. "ನಾನೂ ಸಣ್ಣಾಂವಿದ್ದಾಗ ಒಮ್ಮೆ ನೀಲಿ ಆಗಿದ್ರ ಚೊಲೋ ಇತ್ತು" ಎಂದು ಗೊಣಗುತ್ತಿದ್ದ.

ನೀಲಿ ಆಗುತ್ತಿದ್ದದ್ದು ನಾನು. ನನಗದರ ನೆನಪಿಲ್ಲ. ಅಪ್ಪ ಸೆಕೆಂಡ್ ಶಿಫ್ಟಿಗೆ ಹೋದ ಸಂಜೆಗಳಲ್ಲಿ ಅವ್ವ ಮತ್ತೆ ಮತ್ತೆ ಹೇಳಿದ್ದರಿಂದ, ನಾನೇ ಕಣ್ಣಾರೆ ಕಂಡ ಹಾಗೆ ಆಗಿಬಿಟ್ಟಿದೆ. ಅಪ್ಪ ಅದರ ಬಗ್ಗೆ ತಾನಾಗಿ ಒಂದು ಮಾತೂ ಆಡಿದವನಲ್ಲ.

ತೊಂಬತ್ತರ ದಶಕದ ಮೊದಮೊದಲ ದಿನಗಳು. ನನಗೆ ಆಗಷ್ಟೇ ಹೆಜ್ಜೆ ಬರುತ್ತಿತ್ತು. ಅಪ್ಪ ಇರುಳು ಪಾಳಿ ಮುಗಿಸಿ ಬಂದು, ತಲೆಯೊಳಗೆ ಇನ್ನೂ ಮಷಿನ್ ಬಡಿಯುತ್ತಿರುವಾಗಲೇ ಮಲಗಿದ್ದಾನೆ. ನಮ್ಮದು ಒಂದೇ ಖೋಲಿಯ ಮನೆ. ನಾನು ಅವನ ತಲೆದಿಂಬಿನ ಪಕ್ಕ ಕೂತು ಚಮಚದಿಂದ ಸ್ಟೀಲ್ ತಟ್ಟೆ ಬಡಿಯುತ್ತಿದ್ದೇನೆ. ಅವ್ವ ಚಮಚ ಕಸಿದರೆ ಮತ್ತೆಲ್ಲಿಂದಲೋ ಲೋಟ ತರುತ್ತೇನೆ. ಅಪ್ಪ ಎದ್ದವನೇ ಒಂದು ಬಾರಿಸಿದ. ದೊಡ್ಡ ಏಟೇನೂ ಅಲ್ಲ ಎಂದು ಅವ್ವ ಪ್ರತಿ ಸಲವೂ ಸೇರಿಸುತ್ತಾಳೆ. ನಾನು ಅಳಲು ಬಾಯಿ ತೆರೆದೆನಂತೆ. ತೆರೆದ ಬಾಯಿ ತೆರೆದೇ ಉಳಿಯಿತು, ದನಿ ಬರಲಿಲ್ಲ. ತುಟಿ ನೀಲಿಯಾಯಿತು, ಮೈ ಸೆಟೆಯಿತು, ಆಮೇಲೆ ಒದ್ದೆ ಬಟ್ಟೆಯ ಹಾಗೆ ಅಪ್ಪನ ಕಾಲ ಬಳಿ ಬಿದ್ದೆ. ಅವ್ವ ನೀರು ಚಿಮುಕಿಸಿದಳು. ಅಪ್ಪ ಎತ್ತಿಕೊಂಡು ಬರಿಗಾಲಲ್ಲಿ ರಸ್ತೆಗೆ ಓಡಿದ. ದವಾಖಾನೆ ಮುಟ್ಟುವ ಹೊತ್ತಿಗೆ ನಾನು ಅವನ ಹೆಗಲ ಮೇಲೆ ಕೂತು ಸೈಕಲ್ಲುಗಳನ್ನು ನೋಡಿ ನಗುತ್ತಿದ್ದೆ.

ಅವತ್ತಿನಿಂದ ಅದು ಬೆನ್ನು ಹತ್ತಿತು. ಚೆಂಡು ಉರುಳಿ ಹೋದರೆ, ಬಾಗಿಲಿಗೆ ಬೆರಳು ತಾಗಿದರೆ, ಯಾರಾದರೂ ಆಟಿಗೆ ಕಸಿದರೆ, ನಾನು ಅಳಲು ಹೋಗಿ ನೀಲಿಯಾಗಿ ಬೀಳುತ್ತಿದ್ದೆ. ಚಾಳಿನ ಮಂದಿಯೆಲ್ಲ ನನ್ನನ್ನು ಅಳಿಸದೆ ಇರುವುದನ್ನೇ ಒಂದು ಉದ್ಯೋಗ ಮಾಡಿಕೊಂಡರು. ನಾನು ಬೆರಳು ತೋರಿಸಿದ್ದು ನನಗೆ ಸಿಗುತ್ತಿತ್ತು. ಒಮ್ಮೆ ಪಕ್ಕದ ಮನೆಯವರು ತಮ್ಮ ಗೋಡೆ ಗಡಿಯಾರವನ್ನೇ ಇಳಿಸಿ ಕೊಟ್ಟಿದ್ದರಂತೆ. ಅಪ್ಪ ಕೆಲಸದಿಂದ ಬಂದವನು ಮೊದಲು ನೋಡುತ್ತಿದ್ದದ್ದು ನನ್ನ ತುಟಿ. ಆ ಚಟ ಕೊನೆಯ ತನಕ ಬಿಡಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ನೇರಳೆಹಣ್ಣು ತಿಂದು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಮೆಟ್ಟಿಲು ಹತ್ತಿ ಬಂದವನು ನನ್ನ ಬಾಯಿ ನೋಡಿ ಬುತ್ತಿ ಡಬ್ಬಿ ಕೈಬಿಟ್ಟ. ಅದು ಮೆಟ್ಟಿಲಿನುದ್ದಕ್ಕೂ ಸದ್ದು ಮಾಡುತ್ತ ಉರುಳಿ ಹೋಯಿತು. ನಾನು ನಾಲಿಗೆ ಚಾಚಿ ತೋರಿಸಿದೆ, ಅವ್ವ ನಕ್ಕಳು. ಅಪ್ಪ ಮಾತ್ರ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಂಡ. ನಮ್ಮ ಮನೆಗೆ ನೇರಳೆಹಣ್ಣು ಬರುವುದು ಅಲ್ಲಿಗೆ ನಿಂತಿತು.

ನನ್ನನ್ನು ಕರೆದುಕೊಂಡು ಅವರು ಡಾಕ್ಟರರಿಂದ ಡಾಕ್ಟರರಿಗೆ ತಿರುಗಿದರು. ಅವ್ವನಿಗೆ ಆಗ ಬರುತ್ತಿದ್ದ ಮರಾಠಿ ಕಾಯಿಪಲ್ಲೆ ತರುವಷ್ಟು ಮಾತ್ರ. ಎಲ್ಲ ಕಡೆ ಮಾತಾಡುತ್ತಿದ್ದವನು ಅಪ್ಪ. ಡಾಕ್ಟರು ಕೇಳುತ್ತಿದ್ದರು, ಅಪ್ಪ ಹೇಳುತ್ತಿದ್ದ, ಅವ್ವ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರ ಮುಖ ನೋಡುತ್ತಿದ್ದಳು. ತಲೆಯ ಫೋಟೊ ತೆಗೆದರು, ತಲೆಗೆ ತಂತಿ ಹಚ್ಚಿ ನೋಡಿದರು. ಏನೂ ಸಿಗಲಿಲ್ಲ. ಏನೂ ಸಿಗದೆ ಇದ್ದದ್ದಕ್ಕೆ ಅಪ್ಪ ಇನ್ನಷ್ಟು ಹೆದರಿದ. ಕಡೆಗೆ ಒಬ್ಬರು, ತಲೆಗೆ ಪೆಟ್ಟಾದ ಮೇಲೆ ಶುರುವಾಗಿದೆ ಎನ್ನುತ್ತೀರಿ, ಫಿಟ್ಸ್ ಇರಬಹುದು ಎಂದು ಔಷಧ ಬರೆದುಕೊಟ್ಟರು. ಆ ಡಾಕ್ಟರರದು ತಪ್ಪೆಂದು ನಾನು ಹೇಳಲಾರೆ. ಅವರಿಗೆ ಹೇಳಿದ್ದೇ ಹಾಗೆ. ಆ ಔಷಧ ಕುಡಿದು ನಾನು ಒಂದು ವರ್ಷ ತೂಕಡಿಸಿದೆ. ಊಟದ ತಟ್ಟೆಯ ಮುಂದೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದೆ, ನನ್ನ ವಾರಗೆಯ ಮಕ್ಕಳು ಪಟಪಟನೆ ಮಾತಾಡುವಾಗ ನನಗೆ ಎರಡು ಮಾತು ಬರುತ್ತಿರಲಿಲ್ಲ. ಆದರೂ ಅತ್ತರೆ ನೀಲಿಯಾಗುವುದು ನಿಲ್ಲಲಿಲ್ಲ.

ಸ್ವಾರಗೇಟಿನ ಹತ್ತಿರ ನಮ್ಮ ಕಡೆಯ ಮಕ್ಕಳ ಡಾಕ್ಟರೊಬ್ಬರು ಇದ್ದಾರೆ ಎಂದು ಅವ್ವನಿಗೆ ಹೇಳಿದವರು ನಮ್ಮ ಚಾಳಿನವರೇ. ಅಪ್ಪ ಇಂದು ನಾಳೆ ಎಂದು ಮುಂದೂಡಿದ. ಅವ್ವ ಹಟ ಹಿಡಿದು ಹೊರಡಿಸಿದಳು. ವಯಸ್ಸಾದ ಆ ಡಾಕ್ಟರು ನನ್ನ ಗಲ್ಲ ಹಿಡಿದು, "ಏನಾಗೇದ್ರಿ ಕೂಸಿಗೆ?" ಎಂದು ಕನ್ನಡದಲ್ಲಿ ಕೇಳಿದರು. ಅಪ್ಪ ಮರಾಠಿಯಲ್ಲಿ ಉತ್ತರ ಕೊಟ್ಟ.

ಡಾಕ್ಟರು ನಕ್ಕರು. "ಕನ್ನಡದಾಗ ಹೇಳ್ರಿ. ನಾ ಧಾರವಾಡದಾಂವ."

ಅಪ್ಪ ಮತ್ತೆ ಮರಾಠಿಯಲ್ಲೇ ಏನೋ ಅಂದ. ಅವನ ಹಣೆಯ ಮೇಲೆ ಬೆವರು ಬಂದಿತ್ತು ಎನ್ನುತ್ತಾಳೆ ಅವ್ವ. "ಯಾಕ್ರಿ, ಹುಟ್ಟಿದ ಭಾಷಾ ಮರತೀರೇನು?" ಎಂದು ಡಾಕ್ಟರು ಕೇಳಿದಾಗ ಬೇರೆ ದಾರಿ ಉಳಿಯಲಿಲ್ಲ. ಅಪ್ಪ ನೆಲ ನೋಡುತ್ತ, "ಕೂಸು ಬಿದ್ದಿತ್ರಿ" ಎಂದ. "ತಲಿಗೆ ಪೆಟ್ಟಾತು. ಅವತ್ತಿಂದ ಹಿಂಗ."

ಅವ್ವ ಅವನ ಕಡೆ ತಿರುಗಿದಳು. ಗಂಡ ಡಾಕ್ಟರರಿಗೆ ಏನು ಹೇಳುತ್ತಾನೆ ಎಂದು ಅವಳಿಗೆ ತಿಳಿದದ್ದು ಅದೇ ಮೊದಲು.

"ಬಿದ್ದಿಲ್ರೀ" ಎಂದಳು. "ಇವ್ರು ಒಂದು ಹೊಡದ್ರು. ಅಳಾಕ ಹೋಗಿ ಉಸಿರು ಹಿಡೀತು, ಆಮ್ಯಾಲ ಬಿತ್ತು." ಅಪ್ಪನಿಗೆ, "ಇದನ್ನ ಯಾರ ಮುಂದೂ ಹೇಳೇ ಇಲ್ಲೇನ್ರಿ ನೀವು?" ಎಂದು ಕೇಳಿದಳು.

ಡಾಕ್ಟರು ಅಪ್ಪನನ್ನು ಬಿಟ್ಟು ಅವ್ವನನ್ನೇ ಕೇಳುತ್ತ ಹೋದರು. ಅಳದೆ ಸುಮ್ಮಸುಮ್ಮನೆ ಒಮ್ಮೆಯಾದರೂ ಬಂದಿದೆಯೇ, ನಿದ್ದೆಯಲ್ಲಿ ಬಂದಿದೆಯೇ ಎಂದು. ಒಮ್ಮೆಯೂ ಇಲ್ಲ ಎಂದಳು ಅವ್ವ. ರಕ್ತ ನೋಡಿಸಿ, ಮತ್ತೊಂದು ಸಲ ಕರೆಸಿ, ಆಮೇಲೆ ಹೇಳಿದರು: "ಇದು ಫಿಟ್ಸ್ ಅಲ್ಲ. ಕೆಲವು ಕೂಸು ಸಿಟ್ಟಿಗೆ, ನೋವಿಗೆ ಅಳೂ ಮುಂದ ಹಿಂಗ ಉಸಿರು ಹಿಡೀತಾವ. ನೋಡ್ಲಿಕ್ಕೆ ಭಾಳ ಹೆದರಿಕಿ ಆಗ್ತದ, ಆದ್ರ ಬೆಳಕೋತ ತಾನ ಹೋಗ್ತದ. ನೀವು ಹೊಡದದ್ದಕ್ಕ ಬಂದದ್ದಲ್ಲ. ಅವತ್ತ ಹೊಡೀದಿದ್ರ ಮರುದಿನ ಚಮಚ ಕಸಗೊಂಡಾಗ ಬರ್ತಿತ್ತು." ರಕ್ತ ಕಡಿಮೆ ಇದೆ ಎಂದು ಹನಿ ಔಷಧ ಬರೆದು, ಫಿಟ್ಸ್ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸುವ ಬಗೆ ತಿಳಿಸಿದರು. ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಪ್ಪ ಕೇಳಿದ್ದು ಒಂದೇ: "ಹಂಗಾರ ಇಷ್ಟು ದಿನ ಕುಡಿಸಿದ ಔಷಧ?"

"ಅದು ಬೇಕಾಗಿರಲಿಲ್ಲ" ಎಂದರು ಡಾಕ್ಟರು. "ಆದ್ರ ಏನೂ ಚಿಂತಿ ಮಾಡಬ್ಯಾಡ್ರಿ. ಬಿಟ್ಟ ಮ್ಯಾಲ ಕೂಸು ಚುರುಕ ಆಗ್ತದ."

ಅಪ್ಪನ ಕಿವಿಗೆ ಬಿದ್ದದ್ದು ಮೊದಲ ವಾಕ್ಯ ಮಾತ್ರ. ಇನ್ನು ಇವನು ಮೊದಲಿನ ಹಾಗೆ ಆಗುತ್ತಾನೆ, ಬಲಗೈ ಕಿಸೆಯಿಂದ ಹೊರಬರುತ್ತದೆ ಎಂದುಕೊಂಡಿದ್ದಳು ಅವ್ವ. ಹಾಗಾಗಲಿಲ್ಲ. ಹೊಡೆದ ತಪ್ಪನ್ನು ಡಾಕ್ಟರು ತೆಗೆದುಹಾಕಿದ್ದರು. ಸುಳ್ಳು ಹೇಳಿ ಕೂಸಿಗೆ ಬೇಡದ ಔಷಧ ಕುಡಿಸಿದ್ದು ಹಾಗೇ ಉಳಿದಿತ್ತು. ನಾನು ಅಳುವಾಗ ಉಸಿರು ಹಿಡಿಯುವುದನ್ನು ಬಿಟ್ಟು, ಶಾಲೆಗೆ ಸೇರಿ, ಚಾಳಿನ ಹುಡುಗರ ಜೊತೆ ಗುದ್ದಾಡಿ ಗಂಟಲು ಹರಿಯುವಂತೆ ಅತ್ತರೂ ಅಪ್ಪನ ಮಟ್ಟಿಗೆ ನಾನು ಆ ತೂಕಡಿಸುವ ಕೂಸೇ ಆಗಿದ್ದೆ.

ಏಳನೆಯ ತರಗತಿಯಲ್ಲಿ ನಮ್ಮ ಕನ್ನಡ ಶಾಲೆಯ ಗಣಿತದ ಅಕ್ಕೋರು ಅಪ್ಪನನ್ನು ಕರೆಸಿದರು. ನಾನು ಪರೀಕ್ಷೆಯಲ್ಲಿ ಉತ್ತರ ಬರೆಯುವ ಬದಲು ಪುಟದ ತುಂಬ ರಂಗೋಲಿ ಬಿಡಿಸಿದ್ದೆ. ಅವರು ನನ್ನ ಮೇಲೆ ದೂರು ಹೇಳಲು ಶುರು ಮಾಡುತ್ತಿದ್ದಂತೆ ಅಪ್ಪ ಕೈ ಮುಗಿದ. "ಅಕಿಗೇನೂ ಅನಬ್ಯಾಡ್ರಿ ಅಕ್ಕೋರ. ಸಣ್ಣಾಕಿದ್ದಾಗ ಅಕಿಗೆ ಬ್ಯಾಡಾದ ಔಷಧ ಕುಡಿಸೇನಿ ನಾ. ಅದಕ್ಕ ತಲಿ ಮಂದ ಆಗೇತಿ. ಬೈಯೂದಿದ್ರ ನನಗ ಬೈರಿ." ಅವನು ಹೊರಗೆ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಕ್ಕೋರ ಮುಖ ಸಪ್ಪಗಾಯಿತು. ನನಗೆ ಅಳು ಬರಬೇಕಿತ್ತು. ಬಂದದ್ದು ಖುಷಿ. ಇನ್ನು ಮೇಲೆ ಓದದೆ ಇರಲು ನನಗೊಂದು ಒಳ್ಳೆಯ ಕಾರಣ ಸಿಕ್ಕಿತ್ತು.

ಅದನ್ನು ನಾನು ಚೆನ್ನಾಗಿ ಬಳಸಿಕೊಂಡೆ. ಪುಸ್ತಕ ತೆರೆದು ಸ್ವಲ್ಪ ಹೊತ್ತಿಗೆ ಹಣೆ ಹಿಡಿದು, "ಅಪ್ಪಾ, ತಲಿಗೆ ಹತ್ತವಲ್ದು" ಅಂದರೆ ಅವನೇ ಬಂದು ಪುಸ್ತಕ ಮುಚ್ಚುತ್ತಿದ್ದ. ನಾನು ಪಕ್ಕದ ಮನೆಗೆ ಟಿವಿ ನೋಡಲು ಓಡುತ್ತಿದ್ದೆ. ಕೇರಂ ಆಡುವಾಗ ನಾಲ್ಕು ಜನರ ಪಾಯಿಂಟು ಬಾಯಲ್ಲೇ ಕೂಡಿಸುತ್ತಿದ್ದ ನನ್ನ ತಲೆ ಮಂದವೆಂದು ತಮ್ಮ ಒಂದು ದಿನವೂ ನಂಬಲಿಲ್ಲ. ಅವ್ವನೂ ನಂಬಲಿಲ್ಲ. ಅವಳು ಗದರಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ನಪಾಸಾದೆ. ಅಪ್ಪ ಮರುದಿನ ರಜೆ ಹಾಕಿ ಎಲ್ಲಿಗೋ ಹೋದ. ಸ್ವಾರಗೇಟಿಗೆ ಹೋಗಿದ್ದನೆಂದು ಆಮೇಲೆ ಗೊತ್ತಾಯಿತು. ಆ ಹಳೆಯ ಔಷಧ ಮಾಡಿದ ಕೆಡುಕನ್ನು ಕಳೆಯಲು ಬೇರೆ ಔಷಧವೇನಾದರೂ ಇದೆಯೇ ಎಂದು ಕೇಳುವುದಿತ್ತು. ಡಾಕ್ಟರು ತೀರಿಕೊಂಡು ಬಹಳ ದಿನವಾಗಿತ್ತು, ದವಾಖಾನೆಯಿದ್ದ ಜಾಗದಲ್ಲಿ ಚಪ್ಪಲಿ ಅಂಗಡಿ ನಡೆಯುತ್ತಿತ್ತು. ಅಪ್ಪ ನನಗೆ ಮೋಸಂಬಿ ತಂದು ಕೊಟ್ಟು, ಉಣ್ಣದೆ ಮಲಗಿದ. ಅವನ ಬೆನ್ನು ನೋಡುತ್ತ ಕೂತಾಗ ನನಗೆ ಮೊದಲ ಬಾರಿ ನಾನು ಮಾಡುತ್ತಿರುವುದು ಏನೆಂದು ತಿಳಿಯಿತು. ತಿಳಿದರೂ ಬಾಯಿ ಬಿಡಲಿಲ್ಲ. ನಾಚಿಕೆಯಾಯಿತು, ಹೆದರಿಕೆಯಾಯಿತು. ಅದರ ಬದಲು ಕೂತು ಓದಿದೆ, ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಅಪ್ಪ ಕಾರ್ಖಾನೆಯಲ್ಲೆಲ್ಲ ಪೇಡೆ ಹಂಚಿದ. ಅಂಥ ತಲೆ ಇಟ್ಟುಕೊಂಡೂ ನನ್ನ ಮಗಳು ಪಾಸಾದಳು ಎಂದು ಸಿಕ್ಕವರಿಗೆಲ್ಲ ಕೂಗಿ ಹೇಳಿದ.

ಎರಡು ವರ್ಷದ ಬಳಿಕ ಅಪ್ಪನ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಡಾಕ್ಟರರ ಜೊತೆ ಮಾತಾಡುತ್ತಿದ್ದವಳು ನಾನೇ. ಅವರು ಹೇಳಿದ್ದರಲ್ಲಿ ಎಷ್ಟನ್ನು ಅವ್ವನಿಗೆ ಹೇಳಬೇಕು, ಎಷ್ಟನ್ನು ಬಿಡಬೇಕು ಎಂದು ಯೋಚಿಸಿ ಯೋಚಿಸಿ ಹೇಳುತ್ತಿದ್ದೆ. ಅಂದು ಅಪ್ಪ ಡಾಕ್ಟರರ ಮುಂದೆ 'ಕೂಸು ಬಿದ್ದಿತ್ತು' ಎಂದು ಏಕೆ ಹೇಳಿದನೆಂಬುದು ನನಗೆ ಆ ದಿನಗಳಲ್ಲಿ ಅರ್ಥವಾಯಿತು. ಒಂದು ಮಧ್ಯಾಹ್ನ ಅವ್ವ ಚಹಾ ತರಲು ಹೋಗಿದ್ದಳು. ಅಪ್ಪ ಎಚ್ಚರವಾಗಿದ್ದ. ನಾನು ಅವನಿಗೆ ತುಸು ಚೆನ್ನಾಗಿ ಕೇಳುತ್ತಿದ್ದ ಕಿವಿಯ ಬಳಿ ಬಾಗಿದೆ.

"ಅಪ್ಪಾ, ನನ್ನ ತಲಿ ಮಂದ ಆಗಿರಲಿಲ್ಲ. ನಾನ ಓದತಿರಲಿಲ್ಲ. ಆ ಔಷಧದಿಂದ ನನಗೇನೂ ಆಗಿಲ್ಲ. ಇಷ್ಟು ವರ್ಷ ನಿನ್ನ ಮುಂದ ನಾಟಕ ಮಾಡೇನಿ."

ಅಪ್ಪ ನನ್ನ ಮುಖ ನೋಡಿದ. ಆಮೇಲೆ ನಕ್ಕ. ಅಷ್ಟು ಪ್ರೀತಿಯಿಂದ ಅವನು ನಕ್ಕದ್ದನ್ನು ನಾನು ಮರೆಯಲಾರೆ.

"ನಿನಗ ಸುಳ್ಳು ಹೇಳೂದು ಇನ್ನೂ ಬರೂದಿಲ್ಲವ್ವಾ" ಎಂದ. "ನನ್ನ ಸಮಾಧಾನಕ್ಕ ಹೇಳಾಕತ್ತಿ. ಹೇಳು, ಇರ್ಲಿ."

ನಾನು ಮತ್ತೆ ಹೇಳಿದೆ. ಆಣೆ ಮಾಡಿ ಹೇಳಿದೆ. ಅವನು ತಲೆಯಾಡಿಸುತ್ತ ಕಣ್ಣು ಮುಚ್ಚಿದ. ಅದೇ ವಾರ ಹೋಗಿಬಿಟ್ಟ. ನಾನು ಅವನ ಮುಂದೆ ಹೇಳಿದ ಸುಳ್ಳನ್ನೆಲ್ಲ ನಂಬಿದ್ದ ಅಪ್ಪ, ಆ ಒಂದು ನಿಜವನ್ನು ಮಾತ್ರ ನಂಬದೆ ಹೋದ.